ಊಟ, ವಸತಿಗೆ ದುಡಿಮೆ: ವರ್ಕ್‌ಅವೇ ಸೇವೆ ಭಾರತೀಯ ಪ್ರವಾಸಿಗೆ ಎಷ್ಟು ಪ್ರಯೋಜನಕಾರಿ?

ದಿನಕ್ಕೆ ಹೆಚ್ಚುಕಡಿಮೆ 5 ಗಂಟೆ, ವಾರಕ್ಕೆ 5 ದಿನ ಕೆಲಸ. ಅದಕ್ಕೆ ಪ್ರತಿಯಾಗಿ ಮಲಗಲು ಜಾಗ, ಹೊತ್ತುಹೊತ್ತಿಗೆ ಊಟ. 2002ರಲ್ಲಿ ಶುರುವಾದ ವರ್ಕ್‌ಅವೇ ಎಂಬ ಜಾಲತಾಣ ಜಗತ್ತಿನಾದ್ಯಂತ ಪ್ರವಾಸಿಗರ ಮುಂದಿಡುತ್ತಿರುವ ಕರಾರು ಇಷ್ಟೇ. ಜಮೀನಿನ ಕೆಲಸ, ಮಣ್ಣಿನ ಮನೆ ಕಟ್ಟುವುದು, ಹಾಸ್ಟೆಲಿನ (ಪ್ರವಾಸಿಗರ ಅಗ್ಗದ ವಸತಿಗೃಹದ) ಸ್ವಾಗತ ಮೇಜು, ಮಕ್ಕಳ ಪಾಠ, ನಾಯಿ ಕುದುರೆಗಳ ಆರೈಕೆ ಹೀಗೆ ಕೈಯಾಳು ಬೇಕಾದವರು ತಮ್ಮ ವಿವರವನ್ನು ಅಲ್ಲಿ ಪುಕ್ಕಟೆಯಾಗಿ ಹಾಕುತ್ತಾರೆ. ಅಲ್ಲಿಗೆ ಹೋಗಿ ದುಡಿಯಲು ಸಿದ್ಧರಿರುವವರು ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿ ಅವರಿಗೆ ಪತ್ರ ಬರೆಯುತ್ತಾರೆ. ಶುಲ್ಕ ಕಾಲಕಾಲಕ್ಕೆ ಏರುತ್ತ ಬಂದಿದ್ದು, ಒಬ್ಬರಿಗೆ 50ರಿಂದ 70 ಡಾಲರ್ ನಡುವೆ ಎಂದು ಇಟ್ಟುಕೊಂಡರೆ ಸಾಕು. ಇಬ್ಬರು ಒಟ್ಟಿಗೆ ಹೊರಡುವುದಾದರೆ ಜಂಟಿ ಖಾತೆಯೂ ಇದೆ. ನಮ್ಮ ಲೆಕ್ಕದಲ್ಲಿ ಇದು ಐದು ಸಾವಿರ ರೂಪಾಯಿಯ ಆಸುಪಾಸಿನ ಮಾತು. ಕಡಿಮೆ ಖರ್ಚಿನಲ್ಲಿ ವಿದೇಶ ಸುತ್ತಬೇಕೆಂಬ ಕನ್ನಡದ ಯುವಕ ಯುವತಿಯರು ಈ ಹಣ ಕಟ್ಟಬಹುದೇ ಎಂಬ ಪ್ರಶ್ನೆಗೆ ನನ್ನ ಬಳಕೆಯ ಅನುಭವದಿಂದ ಉತ್ತರಿಸುವ ಪ್ರಯತ್ನವಿದು. ಉತ್ತರ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಏಕೆಂದರೆ ಈ ಏರ್ಪಾಟಿನಿಂದ ಎಲ್ಲಿ ಹಣ ಹೆಚ್ಚು ಉಳಿಯುತ್ತದೆಯೋ ಅಲ್ಲಿನ ಕಾನೂನು ನಮಗೆ ಬಾಗಿಲು ಹಾಕಿದೆ. ಎಲ್ಲಿ ಕಾನೂನು ಅಡ್ಡಬರುವುದಿಲ್ಲವೋ ಅಲ್ಲಿ ಉಳಿಯುವ ಹಣ ಅಷ್ಟಕ್ಕಷ್ಟೇ.

ಈ ಕ್ಷೇತ್ರದಲ್ಲಿ ವರ್ಕ್‌ಅವೇ ಮೊದಲನೆಯದಲ್ಲ. 1971ರಲ್ಲಿ ಲಂಡನ್ನಿನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ಸ್ಯೂ ಕಾಪರ್ಡ್ ಎಂಬ ಮಹಿಳೆ ವಾರಾಂತ್ಯದಲ್ಲಿ ಹಳ್ಳಿಯ ಗಾಳಿ ಸಿಗಲೆಂದು ಸಸೆಕ್ಸ್ ಪ್ರಾಂತ್ಯದ ಎಮರ್ಸನ್ ಕಾಲೇಜಿನ ತೋಟದಲ್ಲಿ ಕೈಯಾಸರೆಗೆ ಹೋಗುವ ಏರ್ಪಾಟು ಮಾಡಿಕೊಂಡರು. ಅದೇ ಮುಂದೆ ವೂಫ್ ಎಂಬ ಹೆಸರಿನಲ್ಲಿ ಸಾವಯವ ಕೃಷಿಕರ ಜಾಗತಿಕ ಜಾಲವಾಗಿ ಬೆಳೆಯಿತು. ವೂಫ್‌ನಲ್ಲಿ ಪ್ರತಿ ದೇಶಕ್ಕೂ ಬಹುಮಟ್ಟಿಗೆ ಬೇರೆ ಬೇರೆ ಸಂಘ, ಬೇರೆ ಬೇರೆ ಸದಸ್ಯತ್ವ. ಒಂದೇ ದೇಶದಲ್ಲಿ ಕೃಷಿಯನ್ನೇ ಕಲಿಯಬೇಕೆಂದು ಹೊರಟವರಿಗೆ ಅದು ಒಳ್ಳೆಯದು. ನಾಲ್ಕು ದೇಶ ದಾಟುವವರಿಗೆ ನಾಲ್ಕು ಶುಲ್ಕದ ಹೊರೆ. 2001ರಲ್ಲಿ ಹುಟ್ಟಿದ ಹೆಲ್ಪ್‌ಎಕ್ಸ್ ಎಲ್ಲಕ್ಕಿಂತ ಅಗ್ಗ, ಆದರೆ ಹುಡುಕಾಟದ ವ್ಯವಸ್ಥೆ ಹಳೆಯ ಕಾಲದ್ದು. ಬ್ರೆಜಿಲ್‌ನವರು ಕಟ್ಟಿದ ವರ್ಲ್ಡ್‌ಪ್ಯಾಕರ್ಸ್‌ನಲ್ಲಿ ಹಾಸ್ಟೆಲುಗಳು ಮತ್ತು ಲ್ಯಾಟಿನ್ ಅಮೆರಿಕದ ಅತಿಥೇಯರು ಹೆಚ್ಚು. ವರ್ಕ್‌ಅವೇಯ ಬಲವೆಂದರೆ ಅದರ ಹರಹು. ಒಂದೇ ಶುಲ್ಕಕ್ಕೆ ನೂರಕ್ಕೂ ಹೆಚ್ಚು ದೇಶಗಳ ಅತಿಥೇಯರ ವಿವರ ತೆರೆದುಕೊಳ್ಳುತ್ತದೆ, ದಕ್ಷಿಣ ಏಷ್ಯಾದ ಹಳ್ಳಿಗಳ ವಿಳಾಸಗಳೂ ಅದರಲ್ಲಿವೆ. ನಾನು ಇದನ್ನು ಆರಿಸಿಕೊಂಡದ್ದು ಆ ಕಾರಣಕ್ಕೆ.

ಜಾಲತಾಣದ ಒಳಗಿನ ಅಚ್ಚುಕಟ್ಟನ್ನು ಮೆಚ್ಚಲೇಬೇಕು. ಪ್ರತಿ ಅತಿಥೇಯರ ಪುಟದಲ್ಲಿ ಯಾವ ತಿಂಗಳು ಜನ ಬೇಕು ಎಂಬ ಕ್ಯಾಲೆಂಡರ್, ಒಂದು ಸಲಕ್ಕೆ ಎಷ್ಟು ಜನರನ್ನು ಇರಿಸಿಕೊಳ್ಳುತ್ತಾರೆ, ಎಷ್ಟು ಗಂಟೆ ಕೆಲಸ, ಮಲಗುವ ಜಾಗ ಎಂಥದ್ದು, ಮನೆಯಲ್ಲಿ ಇಂಟರ್ನೆಟ್ ಇದೆಯೇ, ಸಾಕುಪ್ರಾಣಿಗಳಿವೆಯೇ, ಸಿಗರೇಟು ಸೇದುವವರಿದ್ದಾರೆಯೇ ಎಂಬುದೆಲ್ಲ ಒಂದೇ ಕ್ರಮದಲ್ಲಿ ಸಿಗುತ್ತದೆ. ಪತ್ರ ಬರೆದವರಲ್ಲಿ ಎಷ್ಟು ಪಾಲು ಜನರಿಗೆ ಅವರು ಉತ್ತರಿಸುತ್ತಾರೆ, ಕೊನೆಯ ಬಾರಿ ಯಾವಾಗ ಜಾಲತಾಣಕ್ಕೆ ಬಂದಿದ್ದರು ಎಂಬುದೂ ಕಾಣಿಸುತ್ತದೆ. ಸಾಲುಸಾಲು ವಿವರಗಳ ನಡುವೆ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಈ ಕೊನೆಯ ಎರಡು ಸಾಲುಗಳೇ. ಪುಟ ಎಷ್ಟೇ ಚೆಂದವಿರಲಿ, ಯಜಮಾನರು ತಿಂಗಳುಗಟ್ಟಲೆ ಇತ್ತ ತಲೆ ಹಾಕಿಲ್ಲವೆಂದರೆ ಅಲ್ಲಿಗೆ ಬರೆದ ಪತ್ರ ನೀರಿನಲ್ಲಿ ಮಾಡಿದ ಹೋಮ. ಇಷ್ಟೆಲ್ಲ ವಿವರವನ್ನು ಸದಸ್ಯರಾಗದೆಯೂ ಬಹುಮಟ್ಟಿಗೆ ಓದಬಹುದು ಎಂಬುದನ್ನು ಹೊಸಬರು ಗಮನಿಸಬೇಕು; ಹಣ ಬೇಕಾಗುವುದು ಪತ್ರ ಬರೆಯುವುದಕ್ಕೆ ಮಾತ್ರ.

ಹಾಗಾದರೆ ಕಟ್ಟಿದ ಹಣಕ್ಕೆ ಸಿಗುವುದೇನು? ಒಂದು ವಿಳಾಸಪಟ್ಟಿ, ಒಂದು ಅಂಚೆ ವ್ಯವಸ್ಥೆ, ಹಿಂದೆ ಹೋಗಿ ಬಂದವರ ಅಭಿಪ್ರಾಯಗಳು, ಇಷ್ಟೇ. ಅತಿಥೇಯರ ಮನೆಗೆ ಯಾರೂ ಹೋಗಿ ನೋಡಿ ಬಂದಿರುವುದಿಲ್ಲ. ಅಲ್ಲಿಗೆ ತಲುಪಿದ ಮೇಲೆ ಕೈ ಕುಯ್ದುಕೊಂಡರೆ ಆಸ್ಪತ್ರೆಯ ಖರ್ಚು ನಿಮ್ಮದೇ. ಸಾಮಾನ್ಯ ಪ್ರವಾಸ ವಿಮೆ ತೆಗೆದುಕೊಂಡಿದ್ದೇನೆಂದು ನಿಶ್ಚಿಂತರಾಗುವ ಹಾಗೂ ಇಲ್ಲ, ಏಕೆಂದರೆ ಅಂಥ ಅನೇಕ ಪಾಲಿಸಿಗಳು ದೈಹಿಕ ದುಡಿಮೆಯಲ್ಲಿ ಆದ ಗಾಯವನ್ನು ಸಣ್ಣಕ್ಷರದಲ್ಲಿ ಹೊರಗಿಟ್ಟಿರುತ್ತವೆ. ಪಾಲಿಸಿಯ ಆ ಪುಟವನ್ನು ಓದಿ, ಅನುಮಾನವಿದ್ದರೆ ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆದು ಹೊರಡುವುದು ಕ್ಷೇಮ. ಇನ್ನೊಂದು ಸಣ್ಣ ವಿಷಯ: ನಮ್ಮ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದುಕೊಂಡ ಬಳಿಕವೇ ಶುಲ್ಕ ಕಟ್ಟಲು ಕುಳಿತುಕೊಳ್ಳಿ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಯಾವ ದೇಶಕ್ಕೆ ಯಾವ ವೀಸಾ ಬೇಕು ಎಂಬುದು ಪ್ರವಾಸಿಯ ಹೊಣೆ ಎಂದು ಇಂಥ ಸೇವೆಗಳು ಹೇಳಿ ಕೈತೊಳೆದುಕೊಳ್ಳುತ್ತವೆ. ನಿಯಮದ ದೃಷ್ಟಿಯಿಂದ ಅದು ಸರಿಯೇ. ಆದರೆ ಜಾಲತಾಣದ ಭಾಷೆ, ಚಿತ್ರ, ಉತ್ಸಾಹ ಎಲ್ಲವೂ ಎಲ್ಲಿಗೆ ಬೇಕಾದರೂ ಹಾರಬಲ್ಲ ಪಾಸ್‌ಪೋರ್ಟು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದಂತಿವೆ. ಸಂಬಳ ಪಡೆಯದಿದ್ದರೆ ಅದು ಕೆಲಸವೇ ಅಲ್ಲ ಎಂಬ ನಂಬಿಕೆ ಪ್ರವಾಸಿಗರಲ್ಲಿ ಗಟ್ಟಿಯಾಗಿ ಬೇರೂರಿದೆ. ವಲಸೆ ಇಲಾಖೆಗಳು ಹಾಗೆ ನೋಡುವುದಿಲ್ಲ. ನ್ಯೂಜಿಲೆಂಡಿನ 2009ರ ವಲಸೆ ಕಾಯ್ದೆಯ ಪ್ರಕಾರ ಲಾಭ ಅಥವಾ ಪ್ರತಿಫಲಕ್ಕಾಗಿ ಮಾಡಿದ್ದೆಲ್ಲ ಕೆಲಸವೇ, ಹಣದಲ್ಲಿ ಬೆಲೆ ಕಟ್ಟಬಹುದಾದ ಊಟ ಮತ್ತು ವಸತಿಯೂ ಪ್ರತಿಫಲವೇ. ಬ್ರಿಟನ್ನಿಗೆ ಪ್ರವಾಸಿ ವೀಸಾದಲ್ಲಿ ಹೋದವರು ಸ್ವಯಂಸೇವೆ ಮಾಡಬಹುದಾದದ್ದು ನೋಂದಾಯಿತ ದತ್ತಿ ಸಂಸ್ಥೆಯಲ್ಲಿ ಮಾತ್ರ, ಅದೂ 30 ದಿನಗಳ ಮಿತಿಯೊಳಗೆ. ಯಾರದೋ ಖಾಸಗಿ ತೋಟದಲ್ಲಿ ಸೇಬು ಕಿತ್ತು ಅವರ ಮನೆಯಲ್ಲಿ ಉಳಿಯುವುದು ಆ ಲೆಕ್ಕಕ್ಕೆ ಬರುವುದಿಲ್ಲ. 2023ರ ಕೊನೆಯಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟವು. ಅದು ದೇಶ ನೋಡಲು ಕೊಟ್ಟ ಅನುಮತಿಯೇ ಹೊರತು ಅಲ್ಲಿನ ಹಾಸ್ಟೆಲಿನ ಹಾಸಿಗೆ ಹಾಸಲು ಕೊಟ್ಟ ಅನುಮತಿಯಲ್ಲ.

ಯುರೋಪಿನ ಹಲವು ದೇಶಗಳಿಗೆ ಸೇರಿಸಿ ಒಂದೇ ಆಗಿ ಕೊಡುವ ಷೆಂಗೆನ್ ವೀಸಾದ ಸಂಗತಿ ಇನ್ನೂ ತೊಡಕಿನದು. 2024ರ ಜೂನ್‌ನಿಂದ ಅರ್ಜಿ ಶುಲ್ಕವೇ 90 ಯೂರೊ. ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕ್ ಖಾತೆಯ ವಿವರ, ಉಳಿದುಕೊಳ್ಳುವ ಜಾಗದ ದಾಖಲೆ. ಆ ದಾಖಲೆಯ ಜಾಗದಲ್ಲಿ ವರ್ಕ್‌ಅವೇ ಅತಿಥೇಯರ ಪತ್ರ ಇಟ್ಟರೆ, ಪ್ರವಾಸಕ್ಕೆಂದು ಕೇಳಿದ ವೀಸಾದಲ್ಲಿ ದುಡಿಯಲು ಹೊರಟಿದ್ದೇನೆಂದು ನಾವೇ ಬರೆದುಕೊಟ್ಟಂತೆ. ಪತ್ರ ಇಡದೆ ಹೋಟೆಲಿನ ಬುಕಿಂಗ್ ತೋರಿಸಿ, ವೀಸಾ ಬಂದ ಮೇಲೆ ಅದನ್ನು ರದ್ದು ಮಾಡಿ ತೋಟಕ್ಕೆ ಹೋದವರ ಕಥೆಗಳನ್ನು ಕೇಳಿದ್ದೇನೆ. ಯಾರಿಗೂ ಆ ಸಲಹೆ ಕೊಡಲಾರೆ. ಸಿಕ್ಕಿಬಿದ್ದರೆ ಒಂದು ಪ್ರವಾಸ ಕೆಡುವುದಷ್ಟೇ ಅಲ್ಲ, ಮುಂದೆ ಓದಿಗೋ ಉದ್ಯೋಗಕ್ಕೋ ಹಾಕುವ ಪ್ರತಿ ಅರ್ಜಿಯಲ್ಲೂ ಆ ನಿರಾಕರಣೆಯನ್ನು ನಮೂದಿಸಬೇಕಾಗುತ್ತದೆ. ಮೂವತ್ತು ಯೂರೊ ಹಾಸಿಗೆಯ ಬಾಡಿಗೆ ಉಳಿಸಲು ತೆರುವ ಬೆಲೆ ಇದಲ್ಲ.

ಕಾನೂನಿನ ಪ್ರಕಾರವೇ ದುಡಿಯುತ್ತ ಸುತ್ತಲು ಭಾರತೀಯರಿಗೆ ಇತ್ತೀಚೆಗೆ ಎರಡು ದಾರಿ ತೆರೆದಿವೆ. ಒಂದು, 2023ರಲ್ಲಿ ಆರಂಭವಾದ ಬ್ರಿಟನ್ನಿನ ಯುವ ವೃತ್ತಿಪರರ ಯೋಜನೆ: 18ರಿಂದ 30 ವಯಸ್ಸಿನ ಪದವೀಧರರಿಗೆ, ವರ್ಷಕ್ಕೆ 3,000 ಸ್ಥಾನ, ಎರಡು ವರ್ಷದವರೆಗಿನ ವಾಸ. ಇನ್ನೊಂದು, 2024ರ ಅಕ್ಟೋಬರ್‌ನಲ್ಲಿ ನಮಗೆ ತೆರೆದ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ: ಅದೇ ವಯೋಮಿತಿ, ವರ್ಷಕ್ಕೆ 1,000 ಸ್ಥಾನ. ಎರಡರಲ್ಲೂ ಲಾಟರಿ ಎತ್ತಿ ಆಯ್ಕೆ ಮಾಡುತ್ತಾರೆ. ಆದರೆ ಅಂಥ ವೀಸಾ ಕೈಗೆ ಬಂದವರು ಸಂಬಳಕ್ಕೇ ದುಡಿಯಬಹುದಲ್ಲ, ಬರಿಯ ಊಟಕ್ಕೆ ಏಕೆ ದುಡಿಯಬೇಕು? ಆಸ್ಟ್ರೇಲಿಯಾ ಸರ್ಕಾರಕ್ಕೂ ಈ ಪ್ರಶ್ನೆ ಎದುರಾಗಿತ್ತು. ಎರಡನೆಯ ವರ್ಷದ ವೀಸಾಕ್ಕೆ ಬೇಕಾದ ಕೃಷಿ ಕೆಲಸದ ದಿನಗಳನ್ನು ತುಂಬಿಸಿಕೊಳ್ಳಲು ಯುವಜನರು ಜಮೀನುಗಳಲ್ಲಿ ಪುಕ್ಕಟೆ ದುಡಿಯುತ್ತಿದ್ದುದು ಶೋಷಣೆಗೆ ಎಡೆಮಾಡಿಕೊಟ್ಟಿದೆಯೆಂದು 2015ರ ಡಿಸೆಂಬರ್‌ನಿಂದ ಸಂಬಳವಿಲ್ಲದ ದುಡಿಮೆಯನ್ನು ಆ ಲೆಕ್ಕದಿಂದಲೇ ಕೈಬಿಟ್ಟಿತು.

ಇಷ್ಟನ್ನೂ ಕಳೆದ ಮೇಲೆ ಭಾರತೀಯರ ಪಾಲಿಗೆ ಉಳಿಯುವ ಮುಖ್ಯ ದೇಶ ನೇಪಾಳ. 1950ರ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೆಯ ವಿಧಿಯು ಒಂದು ದೇಶದ ಪ್ರಜೆಗಳಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಓಡಾಟಗಳ ವಿಷಯದಲ್ಲಿ ಪರಸ್ಪರ ಸಮಾನ ಸವಲತ್ತು ಕೊಡುವ ಮಾತಾಡುತ್ತದೆ. ನಮಗೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು. (ಆಧಾರ್ ಕಾರ್ಡ್ ಸಾಮಾನ್ಯವಾಗಿ ನಡೆಯುವುದಿಲ್ಲ, ಈ ಒಂದು ವಿಷಯಕ್ಕೆ ವಿಮಾನ ನಿಲ್ದಾಣದಿಂದ ವಾಪಸಾದವರು ಬಹಳ.) ತಮಾಷೆಯೆಂದರೆ ಇತರ ವಿದೇಶಿಯರಿಗೆ ನೇಪಾಳದ ಪ್ರವಾಸಿ ವೀಸಾದಲ್ಲಿ ಸಂಬಳವಿದ್ದರೂ ಇಲ್ಲದಿದ್ದರೂ ಅನುಮತಿ ಪಡೆಯದೆ ಕೆಲಸ ಮಾಡುವಂತಿಲ್ಲ. ಒಂದೇ ಗದ್ದೆಯ ಬದುವಿನಲ್ಲಿ ನನ್ನ ಪಕ್ಕ ಕುಡುಗೋಲು ಹಿಡಿದಿದ್ದ ಯುರೋಪಿನ ತರುಣನೊಬ್ಬ ವೀಸಾ ಅವಧಿ ವಿಸ್ತರಿಸಿಕೊಳ್ಳಲು ಹೊರಟಾಗ, ಕಚೇರಿಯಲ್ಲಿ ಏನು ಹೇಳಬೇಕೆಂದು ಅಳುಕುತ್ತಿದ್ದ. ಪಾಸ್‌ಪೋರ್ಟಿನ ವಿಷಯದಲ್ಲಿ ನಮಗೆ ಮೇಲುಗೈ ಸಿಗುವ ಜಾಗಗಳು ಬೆರಳೆಣಿಕೆಯಷ್ಟು, ಅದರಲ್ಲಿ ಇದೊಂದು.

ಹಣದ ವ್ಯವಹಾರವೂ ಸುಲಭ. ನಮ್ಮ 100 ರೂಪಾಯಿಗೆ ಅವರ 160 ಎಂಬ ದರ 1993ರಿಂದ ಬದಲಾಗಿಲ್ಲ. 2024ರ ಮಾರ್ಚ್‌ನಿಂದ ಅನೇಕ ಅಂಗಡಿಗಳಲ್ಲಿ ಫೋನೆಪೇ (ನಮ್ಮ ಫೋನ್‌ಪೇ ಅಲ್ಲ) ಎಂಬ ಅಲ್ಲಿನ ಸಂಸ್ಥೆಯ ಕ್ಯೂಆರ್ ಫಲಕಕ್ಕೆ ನಮ್ಮ ಯುಪಿಐ ಮೂಲಕ ಹಣ ಕಟ್ಟಬಹುದು. ಬೆಂಗಳೂರಿನಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸೋನೌಲಿ ಗಡಿಗೆ ಬಸ್ಸು, ಗಡಿಯನ್ನು ನಡೆದೇ ದಾಟಿ ಭೈರಹವಾದಿಂದ ಪೋಖರಾಕ್ಕೆ ಮತ್ತೆ ಬಸ್ಸು. ಮೈ ನುಗ್ಗಾಗುವ ದಾರಿ, ಆದರೆ ಖರ್ಚು ಕಡಿಮೆ.

ನಾನು ಹೋಗಿದ್ದ ಒಂದು ಮನೆ ಪೋಖರಾದ ಪೂರ್ವಕ್ಕೆ, ಬೇಗ್ನಾಸ್ ಕೆರೆಯ ಮೇಲಿನ ಗುಡ್ಡದಲ್ಲಿತ್ತು. ನವೆಂಬರ್ ಕೊನೆ, ಅಲ್ಲಿ ಕೋದೋ ಎನ್ನುವ ಬೆಳೆಯ ಕಟಾವಿನ ಕಾಲ. ಅದು ಬೇರೇನಲ್ಲ, ನಮ್ಮ ರಾಗಿಯೇ. ನಮ್ಮಲ್ಲಿ ಪೈರನ್ನು ಬುಡಕ್ಕೆ ಕೊಯ್ದು ಮೆದೆ ಒಟ್ಟಿ, ಆಮೇಲೆ ಕಣದಲ್ಲಿ ಕಲ್ಲಿನ ಗುಂಡು ಉರುಳಿಸಿ ಕಾಳು ಬಿಡಿಸುವುದು ವಾಡಿಕೆ. ಅಲ್ಲಿ ಮೊದಲು ತೆನೆಯನ್ನಷ್ಟೇ ಕುಡುಗೋಲಿನಿಂದ ಕತ್ತರಿಸಿ ಡೋಕೋ ಎಂಬ ಬಿದಿರು ಬುಟ್ಟಿಗೆ ತುಂಬುತ್ತಾರೆ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಗದ್ದೆಗಳನ್ನು ಹತ್ತಿ ಮನೆಗೆ ತಂದು, ಕೆಲವು ದಿನ ರಾಶಿ ಹಾಕಿಟ್ಟು, ಬಳಿಕ ಕೋಲಿನಿಂದ ಬಡಿಯುತ್ತಾರೆ. ಆ ಪಟ್ಟಿ ಹಣೆಯಲ್ಲಿ ಎಲ್ಲಿ ಕೂರಬೇಕೆಂಬುದೇ ಒಂದು ವಿದ್ಯೆ. ಎರಡು ಬೆರಳಿನಷ್ಟು ಮೇಲೆ ಸರಿದರೆ ಬುಟ್ಟಿ ಹಿಂದಕ್ಕೆ ಎಳೆಯುತ್ತದೆ, ಕೆಳಗೆ ಬಂದರೆ ಕಣ್ಣು ಮುಚ್ಚುತ್ತದೆ. ಮನೆಯ ಹಿರಿಯಾಕೆಯನ್ನು ಎಲ್ಲರೂ ಆಮಾ ಎಂದೇ ಕರೆಯುತ್ತಿದ್ದರು. ಅವರು ನನ್ನ ಬುಟ್ಟಿಯಿಂದ ಅರ್ಧ ತೆನೆ ತೆಗೆದು ತಮ್ಮದಕ್ಕೆ ಸುರಿದುಕೊಂಡು ಒಂದು ಮಾತೂ ಆಡದೆ ಮುಂದೆ ಹತ್ತಿಹೋದರು.

ಮನೆಯ ಹಿಂದೆ ನೆರಳಿನಲ್ಲಿ ಸ್ವಲ್ಪ ಅರೇಬಿಕಾ ಕಾಫಿ ಇತ್ತು. ಮೂಡಿಗೆರೆ ಕಡೆಯ ತೋಟಗಳ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ಕಂಡವರಿಗೆ ಅಲ್ಲಿನ ಯಂತ್ರ ಆಟಿಕೆಯಂತೆ ಕಾಣುತ್ತದೆ. ಕೈಯಿಂದ ತಿರುಗಿಸುವ ಒಂದು ಪುಟ್ಟ ಉರುಳೆ, ಪಕ್ಕದಲ್ಲಿ ನೀರಿನ ಬಕೆಟ್ಟು. ಹಣ್ಣನ್ನು ಮೊದಲು ನೀರಿಗೆ ಸುರಿದು ತೇಲಿದ್ದನ್ನು ಬೇರೆ ಮಾಡಿ, ಮುಳುಗಿದ್ದನ್ನು ಮಾತ್ರ ಯಂತ್ರಕ್ಕೆ ಹಾಕುತ್ತಾರೆ; ಸಿಪ್ಪೆ ಒಂದು ಕಡೆ, ಅಂಟಂಟಾದ ಬೀಜ ಇನ್ನೊಂದು ಕಡೆ ಬೀಳುತ್ತದೆ. ಬೀಜವನ್ನು ರಾತ್ರಿಯೆಲ್ಲ ಹುಳಿಯಲು ಬಿಟ್ಟು, ಬೆಳಿಗ್ಗೆ ಕೈಯಲ್ಲಿ ಉಜ್ಜಿ ಲೋಳೆ ಹೋಗಿದೆಯೇ ಎಂದು ನೋಡಿ, ತೊಳೆದು ಜಾಲರಿಯ ಮೇಲೆ ಹರಡುವುದು. ಉರುಳೆಯ ಅಂತರ ಹೆಚ್ಚಾಗಿ ಹಣ್ಣು ಸಿಪ್ಪೆ ಸಮೇತ ಜಾರುತ್ತಿರುವುದನ್ನು ನೋಡಿ ನಾನು ತಿರುಪು ಬಿಗಿಮಾಡಿಕೊಟ್ಟೆ. ಅಂದಿನಿಂದ ಮನೆಯ ಮಗ ನನ್ನನ್ನು ಕಾಫಿ ದಾಯ್, ಅಂದರೆ ಕಾಫಿ ಅಣ್ಣ, ಎಂದು ಕರೆಯತೊಡಗಿದ. ಊರಿನಿಂದ ತಂದ ತಿಳಿವಳಿಕೆಗೆ ವಿದೇಶದಲ್ಲಿ ಇಂಥ ಬೆಲೆ ಸಿಗುವುದು ಹಾಸ್ಟೆಲಿನ ಹಾಸಿಗೆ ಬಾಡಿಗೆಗೆ ಪಡೆದಾಗ ಸಾಧ್ಯವಿಲ್ಲ.

ಊಟ ದಿನಕ್ಕೆರಡು ಹೊತ್ತು, ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ. ಅನ್ನ, ಬೇಳೆ, ಸೊಪ್ಪು, ಉಪ್ಪಿನಕಾಯಿ. ಕೆಲವು ರಾತ್ರಿ ಅನ್ನದ ಬದಲು ಕೋದೋ ಹಿಟ್ಟಿನ ಢಿಂಡೋ. ಉಂಡೆ ಕಟ್ಟದೆ ಹಾಗೆಯೇ ತಟ್ಟೆಗೆ ಬಡಿಸಿ, ಒಣಗಿಸಿದ ಹುಳಿಸೊಪ್ಪಿನ ಗುಂದ್ರುಕ್ ಸಾರಿನ ಜೊತೆ ಕೊಡುತ್ತಾರೆ. ಯುರೋಪಿನ ಗೆಳೆಯ ಅದನ್ನು ಅಗಿದು ಅಗಿದು ಸೋತಿದ್ದ. ಮುದ್ದೆ ನುಂಗಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ಇಂಥ ಮನೆಗಳಲ್ಲಿ ತೊಂದರೆಯಿಲ್ಲ, ಮಾಂಸದೂಟದ ದಸಾಯ್ (ಅಲ್ಲಿನ ದಸರಾ) ಹಬ್ಬದ ದಿನಗಳನ್ನು ಬಿಟ್ಟರೆ.

ಇದೇ ಸೇವೆಯ ಮತ್ತೊಂದು ಮುಖವನ್ನು ಪೋಖರಾದ ಕೆರೆದಂಡೆಯ ಅತಿಥಿಗೃಹವೊಂದರಲ್ಲಿ ಕಂಡೆ. ಹೆಸರು ಬೇಡ. ಕೈತೋಟ ನೋಡಿಕೊಳ್ಳುವುದು, ಬಂದ ಅತಿಥಿಗಳನ್ನು ಮಾತನಾಡಿಸುವುದು ಎಂದು ಪುಟದಲ್ಲಿ ಬರೆದಿತ್ತು. ಅಲ್ಲಿ ತಲುಪಿದ ಮೇಲೆ ಕೈಗೆ ಬಂದದ್ದು ಕೋಣೆಗಳ ಹೊದಿಕೆ ಬದಲಿಸುವುದು, ಬಚ್ಚಲು ತೊಳೆಯುವುದು, ರಾತ್ರಿ ಬಸ್ಸಿನಲ್ಲಿ ಬರುವವರಿಗಾಗಿ ಮೇಜಿನ ಬಳಿ ಕಾಯುವುದು. ಐದು ಗಂಟೆಯ ಕೆಲಸವನ್ನು ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಎರಡು ಎಂದು ಹರಿದು ಹಂಚಿದರೆ ಇಡೀ ದಿನವೇ ಹೋದಂತೆ. ಗಂಟೆಯ ಮಿತಿ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಈ ಕೆಲಸಗಳನ್ನು ಹಿಂದೆ ಸಂಬಳಕ್ಕೆ ಮಾಡುತ್ತಿದ್ದ ಸ್ಥಳೀಯ ಹುಡುಗ ಕತಾರಿಗೆ ಹೋದನಂತೆ. ಆ ಜಾಗಕ್ಕೆ ಮತ್ತೊಬ್ಬನನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಬದಲು ಸರದಿಯ ಮೇಲೆ ಪ್ರವಾಸಿಗರನ್ನು ಇಟ್ಟುಕೊಂಡರೆ ಆಯಿತು ಎಂಬ ಲೆಕ್ಕಾಚಾರ ಯಜಮಾನರದ್ದು. ಬಚ್ಚಲು ತೊಳೆಯುವುದರಲ್ಲಿ ನನಗೆ ಕೀಳರಿಮೆಯೇನಿಲ್ಲ. ಕೆಲಸವಿಲ್ಲದೆ ಯುವಜನರು ಕೊಲ್ಲಿ ದೇಶಗಳಿಗೆ ಸಾಲುಗಟ್ಟಿ ಹೋಗುತ್ತಿರುವ ನಾಡಿನಲ್ಲಿ, ಸಂಬಳ ಹುಟ್ಟಬೇಕಾದ ಜಾಗದಲ್ಲಿ ಎರಡು ಹೊತ್ತಿನ ಊಟಕ್ಕೆ ನಾವು ಹೋಗಿ ನಿಲ್ಲುವುದು ಸರಿಯೇ ಎಂಬುದು ಪ್ರಶ್ನೆ. ಕುಟುಂಬದ ಹೊಲಕ್ಕೂ ಲಾಭದ ವ್ಯಾಪಾರಕ್ಕೂ ಇರುವ ಈ ವ್ಯತ್ಯಾಸವನ್ನು ಇಂಥ ಜಾಲತಾಣಗಳು ಇನ್ನಷ್ಟು ಕಟ್ಟುನಿಟ್ಟಾಗಿ ಗುರುತಿಸಬೇಕೆಂದು ನನ್ನ ಅಭಿಪ್ರಾಯ.

ಹಣದ ಲೆಕ್ಕವನ್ನೂ ನೋಡಿಬಿಡೋಣ. ಪೋಖರಾದಲ್ಲಿ ಸಾಧಾರಣ ಡಾರ್ಮಿಟರಿ ಹಾಸಿಗೆ ಮತ್ತು ಎರಡು ಹೊತ್ತಿನ ದಾಲ್‌ಭಾತ್ ಸೇರಿ ದಿನಕ್ಕೆ 1,000ದಿಂದ 1,500 ನೇಪಾಳಿ ರೂಪಾಯಿಯೊಳಗೆ ಮುಗಿಯುತ್ತದೆ, ಅಂದರೆ ನಮ್ಮ 600ರಿಂದ 900 ರೂಪಾಯಿ. ವಾರಕ್ಕೆ 25 ಗಂಟೆ ದುಡಿದರೆ ಗಂಟೆಗೆ ಉಳಿಯುವುದು ಹೆಚ್ಚೆಂದರೆ 250 ರೂಪಾಯಿ. ಸದಸ್ಯತ್ವದ ಐದು ಸಾವಿರ ಒಂದು ವಾರದ ಆಸುಪಾಸಿನಲ್ಲೇ ವಸೂಲಾಗುತ್ತದೆ ನಿಜ. ಆದರೆ ನೇಪಾಳದ ಅನೇಕ ಅತಿಥೇಯರು ಊಟದ ಖರ್ಚಿಗೆಂದು ದಿನಕ್ಕೆ ಕೆಲವು ಡಾಲರ್ ಕೇಳುತ್ತಾರೆ; ಅದನ್ನು ಪುಟದ ನಡುವೆಲ್ಲೋ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ದಿನಕ್ಕೆ 5 ಡಾಲರ್ ಎಂದರೂ ಅದೇ 400 ರೂಪಾಯಿ ದಾಟುತ್ತದೆ. ಆಗ ದುಡಿಮೆಯೂ ನಮ್ಮದು, ಅರ್ಧಕ್ಕಿಂತ ಹೆಚ್ಚು ಖರ್ಚೂ ನಮ್ಮದು. ಬಡ ರೈತನ ಮನೆಯಲ್ಲಿ ಅಕ್ಕಿಯ ಖರ್ಚಿಗೆ ಹಣ ಕೊಡುವುದನ್ನು ನಾನು ತಪ್ಪೆನ್ನುವುದಿಲ್ಲ, ಕೊಡಬೇಕು ಕೂಡ. ಅದನ್ನು ಪುಕ್ಕಟೆ ಪ್ರವಾಸವೆಂದು ಭಾವಿಸಿ ಹೋಗಬಾರದು ಅಷ್ಟೆ. ಅದೇ 25 ಗಂಟೆಗೆ ಪಶ್ಚಿಮ ಯುರೋಪಿನಲ್ಲಿ ಹಾಸಿಗೆಗೆ 30, ಊಟಕ್ಕೆ 15 ಯೂರೊ ಹಿಡಿದರೂ ವಾರಕ್ಕೆ 300 ಯೂರೊ ಮೀರಿ ಉಳಿಯುತ್ತಿತ್ತು. ಆ ಉಳಿತಾಯ ನಮ್ಮದಲ್ಲ ಎಂಬುದನ್ನು ಮೇಲೆಯೇ ಹೇಳಿದ್ದೇನೆ.

ಮಕ್ಕಳಿಗೆ ಸಂಬಂಧಿಸಿದ ಯೋಜನೆಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನೇಪಾಳದ ಪ್ರವಾಸಿ ಜಿಲ್ಲೆಗಳಲ್ಲಿ ಅನಾಥಾಲಯಗಳು ಹೆಚ್ಚಿರುವುದು, ಅಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿರುವುದು, ವಿದೇಶಿ ಸ್ವಯಂಸೇವಕರ ಅನುಕಂಪ ಮತ್ತು ಹಣವೇ ಈ ವ್ಯವಹಾರವನ್ನು ಸಾಕುತ್ತಿರುವುದು ಯುನಿಸೆಫ್ ಸೇರಿದಂತೆ ಹಲವರು ಎಚ್ಚರಿಸಿರುವ ಸಂಗತಿ. ಯಾವ ಜಾಲತಾಣದ ಮೂಲಕವೇ ಆಗಲಿ ಅಂಥ ಕಡೆ ಹೋಗಬೇಡಿ. ಶಾಲೆಯಲ್ಲಿ ಎರಡು ವಾರ ಇಂಗ್ಲಿಷ್ ಕಲಿಸಿ ಹೊರಟುಬಿಡುವುದೂ ಮಕ್ಕಳಿಗೆ ಉಪಕಾರವಲ್ಲ. ಇಂಥ ಜಾಗಗಳಲ್ಲಿ ಇಂಗ್ಲಿಷ್ ಮಾತೃಭಾಷೆಯವರೇ ಬೇಕೆಂದು ಕೇಳುವುದು ರೂಢಿಯಾದ್ದರಿಂದ ನಮ್ಮ ಪತ್ರಗಳಿಗೆ ಉತ್ತರವೂ ಬರುವುದು ಕಡಿಮೆ. ಒಂದು ರೀತಿಯಲ್ಲಿ ಒಳ್ಳೆಯದೇ.

ಅಭಿಪ್ರಾಯಗಳನ್ನು ಓದುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯಲ್ಲಿ ಸುರಕ್ಷತೆಯೆಲ್ಲ ನಿಂತಿರುವುದು ಅದರ ಮೇಲೆ. ಅತಿಥೇಯರು ನಮ್ಮ ಬಗ್ಗೆ, ನಾವು ಅವರ ಬಗ್ಗೆ ಬರೆಯುವ ಪದ್ಧತಿಯಾದ್ದರಿಂದ ಇಬ್ಬರೂ ಸಿಹಿಯಾಗಿಯೇ ಬರೆಯುತ್ತಾರೆ. ಐದಕ್ಕೆ ಐದು ನಕ್ಷತ್ರಗಳಿಂದ ಏನೂ ತಿಳಿಯುವುದಿಲ್ಲ. ಬೈಗುಳವನ್ನು ಹುಡುಕುವ ಬದಲು ಎಲ್ಲರೂ ಯಾವುದನ್ನು ಹೇಳದೆ ಬಿಟ್ಟಿದ್ದಾರೆ ಎಂದು ನೋಡಿ. ಹಲವರು ಬೆಟ್ಟದ ನೋಟವನ್ನೂ ಸಹ ಸ್ವಯಂಸೇವಕರ ಗೆಳೆತನವನ್ನೂ ಕೊಂಡಾಡಿ, ಮನೆಯವರ ಬಗ್ಗೆಯಾಗಲಿ ಊಟದ ಬಗ್ಗೆಯಾಗಲಿ ಒಂದು ಸಾಲೂ ಬರೆದಿಲ್ಲವೆಂದರೆ ಅದು ಮನೆಯಲ್ಲ, ವ್ಯಾಪಾರ. ಆಮಾ ಇದ್ದ ಮನೆಯ ಪುಟದಲ್ಲಿ ಚಿತ್ರಗಳು ಮಸುಕಾಗಿದ್ದವು, ಇಂಗ್ಲಿಷ್ ತಡವರಿಸುತ್ತಿತ್ತು. ಬರೆದವರೆಲ್ಲ ಮಾತ್ರ ಯಾವ ಹೊತ್ತಿಗೆ ಏನು ಉಂಡೆವು, ಎಮ್ಮೆಯ ಹೆಸರೇನು ಎಂದು ಬರೆದಿದ್ದರು. ಒಬ್ಬರೇ ಹೊರಡುವ ಮಹಿಳೆಯರು, ಒಬ್ಬರೇ ಹೋಗಿಬಂದ ಮಹಿಳೆಯರು ಬರೆದಿರುವ ಇತ್ತೀಚಿನ ಅಭಿಪ್ರಾಯಗಳಿರುವ ಮನೆಯನ್ನೇ ಆರಿಸಿಕೊಳ್ಳಲಿ. ಸಾಧ್ಯವಾದರೆ ಹಾಗೆ ಬರೆದವರಲ್ಲಿ ಒಬ್ಬರಿಗೆ ನೇರವಾಗಿ ಸಂದೇಶ ಕಳಿಸಿ, ಮಲಗುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ ಎಂಬಂಥ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಲಿ. ತಲುಪಿದ ಮೇಲೆ ಜಾಗ ಸರಿಕಾಣದಿದ್ದರೆ ಅಂದೇ ಹೊರಡಲು, ಎರಡು ಮೂರು ರಾತ್ರಿಯ ಬಾಡಿಗೆ ಮತ್ತು ಬಸ್ಸಿನ ಹಣವನ್ನು ಬೇರೆಯಾಗಿ ಇಟ್ಟುಕೊಂಡಿರುವುದು ಅಗತ್ಯ. ಆ ಹಣವಿಲ್ಲದವರು ಈ ದಾರಿಗೆ ಇಳಿಯಲೇಬಾರದು, ಏಕೆಂದರೆ ಕೆಟ್ಟ ಅತಿಥೇಯರ ಬಲವೆಲ್ಲ ಅತಿಥಿಗೆ ಬೇರೆ ಹಾಸಿಗೆ ಇಲ್ಲವೆಂಬುದರಲ್ಲೇ ಇರುತ್ತದೆ.

ಪತ್ರ ಬರೆಯುವಾಗಲೂ ಅಷ್ಟೆ. ಒಂದೇ ಪತ್ರವನ್ನು ಹತ್ತು ಮನೆಗೆ ಕಳಿಸಿದರೆ ಅದು ಓದುವವರಿಗೆ ಗೊತ್ತಾಗುತ್ತದೆ. ಏನು ಕೆಲಸ ಬರುತ್ತದೆ ಎಂಬುದನ್ನು ನೇರವಾಗಿ ಬರೆಯಿರಿ: ಹಾಲು ಕರೆಯುವುದು, ಗೋಡೆಗೆ ಮಣ್ಣು ಮೆತ್ತುವುದು, ಅಡಿಕೆ ಸುಲಿಯುವುದು, ಹತ್ತು ಜನಕ್ಕೆ ಅಡುಗೆ ಮಾಡುವುದು. ಊರಿನಲ್ಲಿ ಸಾಮಾನ್ಯವೆಂದು ನಾವು ಬಾಯಿಬಿಟ್ಟು ಹೇಳದ ಇಂಥ ಕೌಶಲ ನಗರದಲ್ಲೇ ಬೆಳೆದ ಪಾಶ್ಚಾತ್ಯ ಪ್ರವಾಸಿಗರಲ್ಲಿ ಅಪರೂಪ. ಊಟಕ್ಕೆ ಹಣ ಕೊಡಬೇಕೇ, ಎಷ್ಟು, ದಿನದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆಯೇ, ವಾರದ ಯಾವ ದಿನಗಳು ಬಿಡುವು ಎಂಬ ಪ್ರಶ್ನೆಗಳಿಗೆ ಹೊರಡುವ ಮೊದಲೇ ಬರಹದಲ್ಲಿ ಉತ್ತರ ಪಡೆಯಿರಿ. ಉತ್ತರಿಸಲು ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡಿ.

ಯುರೋಪನ್ನೋ ನ್ಯೂಜಿಲೆಂಡನ್ನೋ ಅಗ್ಗದಲ್ಲಿ ನೋಡಬೇಕೆಂಬ ಆಸೆಯಿಂದ ಈ ಸದಸ್ಯತ್ವ ಕೊಳ್ಳಬೇಡಿ. ಆ ಐದು ಸಾವಿರವನ್ನು ವೀಸಾ ಶುಲ್ಕಕ್ಕೆ ಸೇರಿಸಿ, ಅಡುಗೆ ಮಾಡಿಕೊಳ್ಳಲು ಅವಕಾಶವಿರುವ ಹಾಸ್ಟೆಲಿನಲ್ಲಿ ದಿನ ಕಡಿಮೆ ಮಾಡಿ ಇದ್ದು ಬನ್ನಿ. ನೇಪಾಳದಲ್ಲಿ ತಿಂಗಳೋ ಎರಡು ತಿಂಗಳೋ ಹಳ್ಳಿಯಲ್ಲಿ ಕೂತು ಬರಬೇಕೆನ್ನುವವರಿಗೆ, ಮಣ್ಣಿನ ಕೆಲಸಕ್ಕೆ ಬೇಸರಪಡದವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ. ಅಂಥವರು ಮನೆಗಳ ವಿವರವನ್ನು ಮೊದಲು ಪುಕ್ಕಟೆಯಾಗಿ ಓದಿ, ನಾಲ್ಕೈದನ್ನು ಗುರುತು ಹಾಕಿಕೊಂಡು, ಹೊರಡುವುದಕ್ಕೆ ಒಂದೂವರೆ ತಿಂಗಳಿದೆ ಎನ್ನುವಾಗ ಶುಲ್ಕ ಕಟ್ಟಿದರೆ ಸಾಕು. ರಾಗಿ ಕಟಾವು ಮತ್ತು ಕಾಫಿ ಕೊಯ್ಲು ಎರಡನ್ನೂ ನೋಡಬೇಕೆಂದರೆ ನವೆಂಬರ್ ನಡುವಿನಿಂದ ಜನವರಿಯವರೆಗಿನ ಕಾಲವನ್ನು ಕೇಳಿ. ಗುಡ್ಡದ ಮೇಲೆ ಚಳಿ ಬಲವಾಗಿರುತ್ತದೆ, ಒಳ್ಳೆಯ ಸ್ವೆಟರ್ ಇರಲಿ.